ಸಣ್ಣ ವ್ಯಾಪಾರಗಳಿಗೆ ಸೈಬರ್ ವಂಚನೆಯ ಹಾವಳಿಯೂ ಅದರ ನಿವಾರಣೋಪಾಯಗಳೂ

ಬೀಜ, ಗೊಬ್ಬರ, ಕೀಟನಾಶಕಗಳನ್ನು ಮಾರುವ ಅಂಗಡಿಗಳಲ್ಲಿಯೂ, ಅಡಕೆ, ಕೊಬ್ಬರಿ, ಮೆಣಸಿನಕಾಯಿ ಮೊದಲಾದ ಹುಟ್ಟುವಳಿಗಳ ಮಂಡಿಗಳಲ್ಲಿಯೂ, ಅಕ್ಕಿಯ ಗಿರಣಿಗಳಲ್ಲಿಯೂ, ರೈತರೇ ಸೇರಿ ನಡೆಸುವ ಉತ್ಪಾದಕರ ಸಂಘಗಳಲ್ಲಿಯೂ ಲೆಕ್ಕಪತ್ರಗಳು ಕಿರ್ದಿ ಖಾತೆಗಳ ಪುಸ್ತಕಗಳನ್ನು ಬಿಟ್ಟು ಕಂಪ್ಯೂಟರಿಗೂ ಮೊಬೈಲ್ ಫೋನಿಗೂ ಬಂದು ಸೇರಿ ಈಗ್ಗೆ ಕೆಲವು ವರ್ಷಗಳಾದುವು. ಕರ್ನಾಟಕದ ಕೃಷಿ ಮಾರುಕಟ್ಟೆಗಳಲ್ಲಿ ಕಂಪ್ಯೂಟರಿನ ಮೂಲಕ ಧಾರಣೆ ಕೂಗುವ ಕ್ರಮವು ಜಾರಿಗೆ ಬಂದಿತು. ೨೦೧೬ರಲ್ಲಿ ರಾಷ್ಟ್ರೀಯ ಕೃಷಿ ಮಾರುಕಟ್ಟೆಯೂ, ಯು.ಪಿ.ಐ. ಎಂಬ ಹಣ ಪಾವತಿಯ ಕ್ರಮವೂ ಆರಂಭವಾದುವು. ೨೦೧೮ನೆಯ ಮಾರ್ಚಿ ತಿಂಗಳ ವೇಳೆಗೆ ದೇಶದಲ್ಲೆಲ್ಲ ಸಹಾಯಧನದ ರಸಗೊಬ್ಬರವನ್ನು ಯಂತ್ರದಲ್ಲಿ ದಾಖಲು ಮಾಡಿಯೇ ಮಾರುವ ಏರ್ಪಾಡು ಜಾರಿಗೆ ಬಂದಿತು. ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳ ಲೆಕ್ಕಗಳನ್ನು ಕಂಪ್ಯೂಟರಿಗೆ ತರುವ ಯೋಜನೆಯನ್ನು ಕೇಂದ್ರ ಸರ್ಕಾರವು ೨೦೨೨ರಲ್ಲಿ ಮಂಜೂರು ಮಾಡಿತು.

ಇದರಿಂದ ಆಗಿರುವ ಅನುಕೂಲಗಳು ಅನೇಕವಾಗಿವೆ. ಆದರೆ ಕಣಜ ತುಂಬಿದಲ್ಲಿ ಇಲಿಗಳೂ ಬಂದು ಸೇರುವುವು. ತಿಜೋರಿಯಲ್ಲಿದ್ದ ಹಣವನ್ನು ಕದಿಯಬೇಕಾದರೆ ಕಳ್ಳನು ಊರಿಗೆ ಬಂದು ಬೀಗ ಮುರಿಯಬೇಕಾಗಿತ್ತು. ಈಗ ಅವನು ನೂರಾರು ಮೈಲಿಗಳಾಚೆ ಕುಳಿತು, ಅಂಗಡಿಯವನ ಕೈಯಿಂದಲೇ ಬೀಗ ತೆಗೆಯಿಸುತ್ತಾನೆ. ಈ ಹಾವಳಿಯು ಯಾವ ಬಗೆಯಲ್ಲಿ ಬರುತ್ತದೆ, ಅದರ ಲಕ್ಷಣಗಳೇನು, ಅಲ್ಪ ಖರ್ಚಿನಲ್ಲಿ ಅದನ್ನು ತಡೆಯುವುದು ಹೇಗೆ, ನಷ್ಟವಾದಾಗ ಮೊದಲು ಮಾಡಬೇಕಾದ ಕೆಲಸವೇನು ಎಂಬುದನ್ನು ಇಲ್ಲಿ ಸಂಗ್ರಹವಾಗಿ ವಿವರಿಸಲಾಗಿದೆ.

ಸಣ್ಣವರಿಗೆ ಭಯವಿಲ್ಲವೆಂಬ ತಪ್ಪು ತಿಳಿವಳಿಕೆ

ತಮ್ಮದು ಸಣ್ಣ ವ್ಯಾಪಾರ, ದೊಡ್ಡ ಬ್ಯಾಂಕುಗಳನ್ನೂ ಕಾರ್ಖಾನೆಗಳನ್ನೂ ಬಿಟ್ಟು ತಮ್ಮ ಕಡೆಗೆ ಯಾರು ನೋಡುತ್ತಾರೆ ಎಂದು ಅನೇಕ ವರ್ತಕರು ಭಾವಿಸಿರುವುದುಂಟು. ಇದು ಸರಿಯಾದ ಅಭಿಪ್ರಾಯವಲ್ಲ. ಇಂಥ ವಂಚಕರು ಒಬ್ಬೊಬ್ಬ ವರ್ತಕನನ್ನು ಆರಿಸಿಕೊಂಡು ಬರುವುದು ಅಪರೂಪ. ಒಂದೇ ಸಂದೇಶವನ್ನು ಸಾವಿರಾರು ಮಂದಿಗೆ ಕಳುಹಿಸುತ್ತಾರೆ. ಸಾವಿರಾರು ಕಂಪ್ಯೂಟರುಗಳ ಬಾಗಿಲನ್ನು ಯಂತ್ರದ ಮೂಲಕವೇ ತಟ್ಟಿ ನೋಡುತ್ತಾರೆ. ಎಲ್ಲಿ ಬಾಗಿಲು ಸಡಿಲವಾಗಿದೆಯೋ ಅಲ್ಲಿ ಒಳಗೆ ಬರುತ್ತಾರೆ. ದೊಡ್ಡ ಸಂಸ್ಥೆಗಳಲ್ಲಿ ಈ ಕೆಲಸವನ್ನೇ ನೋಡಿಕೊಳ್ಳುವ ನೌಕರರಿರುತ್ತಾರೆ. ಸಣ್ಣ ಅಂಗಡಿಯಲ್ಲಿ ಒಬ್ಬನೇ ಗುಮಾಸ್ತನು ಲೆಕ್ಕ ಬರೆದು, ಸರಕು ತೂಗಿ, ಹಣವನ್ನೂ ಪಾವತಿ ಮಾಡುವನು. ಅದೇ ಫೋನಿನಲ್ಲಿ ಮನೆಯವರ ಮಾತುಕತೆಯೂ, ಮಕ್ಕಳ ಆಟವೂ, ಬ್ಯಾಂಕಿನ ವ್ಯವಹಾರವೂ ನಡೆಯುವುವು. ಆದುದರಿಂದ ಸಣ್ಣವರಿಗೇ ಈ ಹಾವಳಿಯು ಸುಲಭವಾಗಿ ತಗಲುವುದು. ತಗಲಿದ ಮೇಲೆ ಚೇತರಿಸಿಕೊಳ್ಳುವ ಶಕ್ತಿಯೂ ಅವರಿಗೇ ಕಡಿಮೆ.

ರೈತರಿಗೆ ಇದರಿಂದಾಗುವ ಹಾನಿ

ಬೇಸಾಯಕ್ಕೆ ಸಂಬಂಧಪಟ್ಟ ವ್ಯಾಪಾರದಲ್ಲಿ ಹಣಕ್ಕಿಂತಲೂ ಕಾಲವು ಹೆಚ್ಚು ಬೆಲೆಯುಳ್ಳದ್ದು. ಬಟ್ಟೆಯ ಅಂಗಡಿಯು ಒಂದು ವಾರ ಮುಚ್ಚಿದರೆ ಗಿರಾಕಿಯು ಮುಂದಿನ ವಾರ ಬರಬಹುದು. ಬಿತ್ತನೆಯ ಹದ ಬಂದಿರುವಾಗ ಬೀಜದ ಅಂಗಡಿಯು ಒಂದು ವಾರ ಮುಚ್ಚಿದರೆ ಆ ಹದವು ಮತ್ತೆ ಬರುವುದಿಲ್ಲ. ಈ ಸಂಗತಿಯು ವಂಚಕರಿಗೂ ತಿಳಿದಿದೆ.

ಅಮೆರಿಕ ಸಂಯುಕ್ತ ಸಂಸ್ಥಾನದ ಅಯೋವಾ ಪ್ರಾಂತದಲ್ಲಿ ರೈತರೇ ಸದಸ್ಯರಾಗಿರುವ ಒಂದು ಧಾನ್ಯ ಸಹಕಾರ ಸಂಘದ ಕಂಪ್ಯೂಟರುಗಳನ್ನು ೨೦೨೧ನೆಯ ಸೆಪ್ಟೆಂಬರಿನಲ್ಲಿ, ಸರಿಯಾಗಿ ಕುಯ್ಲಿನ ಕಾಲದಲ್ಲಿ, ದುಷ್ಟರು ಕೆಡಿಸಿ ೫೯ ಲಕ್ಷ ಡಾಲರುಗಳನ್ನು ಕೇಳಿದರು. ಅದೇ ತಿಂಗಳಲ್ಲಿ ಮಿನ್ನೆಸೋಟಾ ಪ್ರಾಂತದ ಇನ್ನೊಂದು ಸಂಘಕ್ಕೂ ಇದೇ ಗತಿಯಾಯಿತು. ಆ ದೇಶದ ಕೇಂದ್ರ ತನಿಖಾ ಇಲಾಖೆಯು ೨೦೨೨ನೆಯ ಏಪ್ರಿಲಿನಲ್ಲಿ ಹೊರಡಿಸಿದ ಎಚ್ಚರಿಕೆಯಲ್ಲಿ, ೨೦೨೧ರ ಕುಯ್ಲಿನ ಕಾಲದಲ್ಲಿ ೬ ಧಾನ್ಯ ಸಹಕಾರ ಸಂಘಗಳ ಮೇಲೆಯೂ, ೨೦೨೨ರ ಆರಂಭದಲ್ಲಿ ೨ ಬಾರಿಯೂ ಇಂಥ ಆಕ್ರಮಣಗಳು ನಡೆದುವೆಂದೂ, ಬಿತ್ತನೆ ಕುಯ್ಲುಗಳ ಕಾಲವನ್ನು ನೋಡಿಕೊಂಡೇ ವಂಚಕರು ಬರುವ ಸಂಭವವಿದೆಯೆಂದೂ ತಿಳಿಸಿತು. ಕೆಲಸ ನಿಲ್ಲಿಸಲಾರದವನು ಕೇಳಿದಷ್ಟು ಹಣ ಕೊಟ್ಟಾನೆಂಬುದೇ ಅವರ ಲೆಕ್ಕಾಚಾರ.

ನಮ್ಮ ದೇಶದಲ್ಲಿಯೂ ಇದಕ್ಕೆ ನಿದರ್ಶನಗಳುಂಟು. ೨೦೧೮ನೆಯ ಆಗಸ್ಟಿನಲ್ಲಿ ಪುಣೆಯ ಒಂದು ಸಹಕಾರಿ ಬ್ಯಾಂಕಿನಿಂದ ಕೆಲವೇ ದಿನಗಳಲ್ಲಿ ಸುಮಾರು ೯೪ ಕೋಟಿ ರೂಪಾಯಿಗಳು ಅಪಹರಿಸಲ್ಪಟ್ಟುವು. ೨೦೨೪ನೆಯ ಜುಲೈ ತಿಂಗಳ ಕೊನೆಯಲ್ಲಿ, ಸಹಕಾರಿ ಬ್ಯಾಂಕುಗಳಿಗೂ ಗ್ರಾಮೀಣ ಬ್ಯಾಂಕುಗಳಿಗೂ ಕಂಪ್ಯೂಟರಿನ ಸೇವೆಯನ್ನೊದಗಿಸುವ ಒಂದು ಸಂಸ್ಥೆಗೆ ಹಾವಳಿ ತಗಲಿದಾಗ, ಅದು ಇತರ ಕಡೆಗೆ ಹರಡದಿರಲೆಂದು ಆ ಸಂಸ್ಥೆಯನ್ನು ರಾಷ್ಟ್ರೀಯ ಪಾವತಿ ವ್ಯವಸ್ಥೆಯಿಂದ ತಾತ್ಕಾಲಿಕವಾಗಿ ಬೇರ್ಪಡಿಸಬೇಕಾಯಿತು. ಇದರಿಂದ ಸುಮಾರು ೩೦೦ ಸಣ್ಣ ಬ್ಯಾಂಕುಗಳ ಪಾವತಿಗಳು ನಿಂತುಹೋಗಿದ್ದುವು. ಒಂದು ಕಡೆಯ ಸಡಿಲವು ಅನೇಕರ ಕೆಲಸವನ್ನು ಕೆಡಿಸುವುದೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಹಾವಳಿಯ ವಿಧಗಳು

೧. ಹಣ ಬರುವುದೆಂಬ ನೆವದಲ್ಲಿ ಹಣ ಕೀಳುವುದು. ಸರಕನ್ನು ಕೊಳ್ಳುವವನಂತೆ ಫೋನಿನಲ್ಲಿ ಮಾತನಾಡಿ, ಮುಂಗಡ ಕಳುಹಿಸುವೆನೆಂದು ಹೇಳಿ, ಒಂದು ಕ್ಯು.ಆರ್. ಚಿತ್ರವನ್ನು ಕಳುಹಿಸಿ, ಅದನ್ನು ಫೋನಿಗೆ ತೋರಿಸಿ ಪಿನ್ ಒತ್ತಬೇಕೆಂದು ಕೇಳುವರು. ಯು.ಪಿ.ಐ. ಕ್ರಮದಲ್ಲಿ ಹಣವನ್ನು ಕೊಡುವುದಕ್ಕೆ ಮಾತ್ರ ಪಿನ್ ಬೇಕು. ಪಡೆಯುವುದಕ್ಕೆ ಪಿನ್ ಎಂದಿಗೂ ಬೇಕಾಗಿಲ್ಲ. ಈ ಒಂದು ಸಂಗತಿಯನ್ನು ಅಂಗಡಿಯಲ್ಲಿ ಕೆಲಸ ಮಾಡುವ ಪ್ರತಿಯೊಬ್ಬನೂ ತಿಳಿದಿರತಕ್ಕದ್ದು. ಹಣ ಸಂದಿತೆಂದು ತೋರಿಸುವ ಸುಳ್ಳು ಚಿತ್ರಗಳನ್ನೂ, ಬ್ಯಾಂಕಿನಿಂದ ಬಂದಂತೆ ಕಾಣುವ ಸುಳ್ಳು ಸಂದೇಶಗಳನ್ನೂ ನಂಬಿ ಸರಕು ಕೊಟ್ಟು ಮೋಸಹೋಗುವುದೂ ಉಂಟು. ಅಂಗಡಿಯ ಮುಂದೆ ಅಂಟಿಸಿದ ಕ್ಯು.ಆರ್. ಚೀಟಿಯ ಮೇಲೆ ರಾತ್ರಿಯಲ್ಲಿ ಬೇರೆ ಚೀಟಿಯನ್ನು ಅಂಟಿಸಿ, ಗಿರಾಕಿಗಳ ಹಣವನ್ನು ತಮ್ಮ ಖಾತೆಗೆ ತಿರುಗಿಸಿಕೊಳ್ಳುವುದು ಮತ್ತೊಂದು ಬಗೆ.

೨. ಖಾತೆಯ ನಂಬರು ಬದಲಾಯಿತೆಂಬ ಪತ್ರ. ಸಣ್ಣ ಸಂಘಗಳಿಗೆ ಅತ್ಯಂತ ದೊಡ್ಡ ನಷ್ಟವನ್ನುಂಟುಮಾಡತಕ್ಕದ್ದು ಇದು. ಒಂದು ಉತ್ಪಾದಕರ ಸಂಘದಲ್ಲಿ ೨೦೦ ಮಂದಿ ಸದಸ್ಯರು ಮುಸುಕಿನ ಜೋಳದ ಬೀಜಕ್ಕಾಗಿ ತಲಾ ೨,೦೦೦ ರೂಪಾಯಿಗಳನ್ನು ಕಟ್ಟಿರುವರೆಂದು ಇಟ್ಟುಕೊಳ್ಳಬಹುದು. ಬೀಜದ ಕಂಪನಿಗೆ ೪ ಲಕ್ಷ ರೂಪಾಯಿ ಕಳುಹಿಸಬೇಕಾದ ಹಿಂದಿನ ದಿನ ಆ ಕಂಪನಿಯ ಹೆಸರಿನಲ್ಲಿ ಒಂದು ಈ-ಮೈಲ್ ಪತ್ರ ಬರುವುದು. ಬಿಲ್ಲಿನ ನಂಬರು ಸರಿಯಾಗಿದೆ, ಮೊಹರೂ ಸರಿಯಾಗಿದೆ. ಬ್ಯಾಂಕಿನ ಖಾತೆ ಮಾತ್ರ ಬದಲಾಗಿದೆ, ಹೊಸ ಖಾತೆಗೆ ಕೂಡಲೆ ಹಣ ಕಳುಹಿಸಬೇಕು ಎಂದು ಬರೆದಿದೆ. ವಂಚಕನು ಸಂಘದ ಅಥವಾ ಕಂಪನಿಯ ಈ-ಮೈಲಿನ ಪಾಸ್‌ವರ್ಡನ್ನು ಕದ್ದು, ಹಲವು ದಿನಗಳಿಂದ ಪತ್ರವ್ಯವಹಾರವನ್ನು ಓದುತ್ತಿದ್ದುದರಿಂದಲೇ ಅವನಿಗೆ ಇದೆಲ್ಲ ತಿಳಿದಿರುತ್ತದೆ. ಕಾರ್ಯದರ್ಶಿಯು ಹಣ ಕಳುಹಿಸಿದರೆ ನಾಲ್ಕು ಲಕ್ಷವೂ ಹೋದಂತೆ; ಮಳೆ ಬಂದಾಗ ಬೀಜವೂ ಇಲ್ಲ, ಮತ್ತೊಮ್ಮೆ ಹಣ ಕಟ್ಟುವ ಶಕ್ತಿ ಸದಸ್ಯರಿಗೂ ಇಲ್ಲ.

೩. ಸುಳ್ಳು ಆ್ಯಪುಗಳು. ಸರ್ಕಾರದ ಸಹಾಯಧನದ ಹೆಸರಿನಲ್ಲಿಯೂ, ವಾಹನದ ದಂಡದ ಹೆಸರಿನಲ್ಲಿಯೂ, ಬ್ಯಾಂಕಿನ ಕೆ.ವೈ.ಸಿ. ಹೆಸರಿನಲ್ಲಿಯೂ ವಾಟ್ಸ್‌ಆ್ಯಪಿನಲ್ಲಿ ಎ.ಪಿ.ಕೆ. ಎಂದು ಕೊನೆಗೊಳ್ಳುವ ಕಡತಗಳು ಬರುತ್ತವೆ. ಇವನ್ನು ತೆರೆದು ಫೋನಿನಲ್ಲಿ ಸ್ಥಾಪಿಸಿ ಕೇಳಿದ ಅನುಮತಿಗಳನ್ನು ಕೊಟ್ಟರೆ, ಫೋನಿಗೆ ಬರುವ ಒ.ಟಿ.ಪಿ. ಸಂದೇಶಗಳೆಲ್ಲವೂ ವಂಚಕನಿಗೆ ತಲಪುವುವು. ಸರ್ಕಾರದ ಯಾವ ಯೋಜನೆಯ ಹಣವೂ ಇಂಥ ಕಡತದ ಮೂಲಕ ಬರುವುದಿಲ್ಲ.

೪. ಸುಳ್ಳು ವ್ಯಾಪಾರ ಸಂಸ್ಥೆಗಳು. ಹೆಸರುವಾಸಿಯಾದ ಗೊಬ್ಬರದ ಅಥವಾ ಬೀಜದ ಕಂಪನಿಯ ಹೆಸರನ್ನೂ ಗುರುತನ್ನೂ ಅನುಕರಿಸಿ, ಏಜೆನ್ಸಿ ಕೊಡುವುದಾಗಿ ಹೇಳಿ ನೋಂದಣಿ ಶುಲ್ಕ, ಠೇವಣಿ ಎಂದು ಕಂತು ಕಂತಾಗಿ ಹಣ ಕೀಳುವರು. ಬ್ಯಾಂಕುಗಳ ಜಾಲತಾಣಗಳನ್ನೂ ಹೀಗೆಯೇ ಅನುಕರಿಸುವುದುಂಟು. ಇದನ್ನು ತಡೆಯುವುದಕ್ಕಾಗಿ ಬ್ಯಾಂಕುಗಳೆಲ್ಲವೂ ೨೦೨೫ನೆಯ ಅಕ್ಟೋಬರ್ ೩೧ರೊಳಗಾಗಿ ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂದು ಮುಗಿಯುವ ವಿಳಾಸಗಳಿಗೆ ಬದಲಾಯಿಸಿಕೊಳ್ಳಬೇಕೆಂದು ರಿಸರ್ವ್ ಬ್ಯಾಂಕು ಅಪ್ಪಣೆ ಮಾಡಿತು. ಬ್ಯಾಂಕಿನದೆಂದು ಹೇಳಿಕೊಳ್ಳುವ ತಾಣದ ವಿಳಾಸವು ಹೀಗೆ ಮುಗಿಯದಿದ್ದರೆ ಅಲ್ಲಿ ಗುಪ್ತ ಸಂಖ್ಯೆಗಳನ್ನು ಬರೆಯಬಾರದು.

೫. ಲೆಕ್ಕಪತ್ರಗಳಿಗೆ ಬೀಗ ಹಾಕಿ ಹಣ ಕೇಳುವುದು. ಇದಕ್ಕೆ ರ‍್ಯಾನ್ಸಮ್‌ವೇರ್ ಎಂದು ಹೆಸರು. ಈ-ಮೈಲಿನೊಂದಿಗೆ ಬಂದ ಕಡತದಿಂದಲೋ, ಕದ್ದು ನಕಲು ಮಾಡಿದ ಲೆಕ್ಕದ ತಂತ್ರಾಂಶದಿಂದಲೋ, ಹಳೆಯದಾಗಿ ತಿದ್ದುಪಡಿ ಕಾಣದ ಕಂಪ್ಯೂಟರಿನ ದೋಷದಿಂದಲೋ ಇದು ಒಳಗೆ ಸೇರಿ, ಸಾಲದ ಖಾತೆ, ದಾಸ್ತಾನು, ಬಿಲ್ಲುಗಳೆಲ್ಲವನ್ನೂ ಓದಲಾಗದ ಅಕ್ಷರಗಳನ್ನಾಗಿ ಮಾರ್ಪಡಿಸುವುದು. ೨೦೧೭ನೆಯ ಮೇ ೧೨ರಂದು ಕಾಣಿಸಿಕೊಂಡ ವಾನ್ನಾಕ್ರೈ ಎಂಬ ಇಂಥ ಹಾವಳಿಯು ೧೫೦ ದೇಶಗಳಲ್ಲಿ ಹರಡಿ, ಇಂಗ್ಲೆಂಡಿನ ಆಸ್ಪತ್ರೆಗಳ ಕೆಲಸವನ್ನು ಸಹ ನಿಲ್ಲಿಸಿತು. ಅದು ಒಳಗೆ ಬಂದ ದೋಷಕ್ಕೆ ತಿದ್ದುಪಡಿಯನ್ನು ವಿಂಡೋಸ್ ತಯಾರಕರು ಅದೇ ವರ್ಷದ ಮಾರ್ಚಿ ೧೪ರಂದೇ ಉಚಿತವಾಗಿ ಕೊಟ್ಟಿದ್ದರು. ಸುಮಾರು ಎರಡು ತಿಂಗಳ ಅವಕಾಶವಿದ್ದರೂ ತಿದ್ದುಪಡಿಯನ್ನು ಹಾಕಿಕೊಳ್ಳದವರೇ ಮುಖ್ಯವಾಗಿ ನಷ್ಟಕ್ಕೆ ಗುರಿಯಾದರು.

೬. ಗಿರಾಕಿಗಳ ಗುರುತಿನ ಪತ್ರಗಳು. ಅಂಗಡಿಗಳಲ್ಲಿಯೂ ಸಂಘಗಳಲ್ಲಿಯೂ ರೈತರ ಆಧಾರ್ ಪ್ರತಿ, ಪಹಣಿ, ಬ್ಯಾಂಕ್ ಪುಸ್ತಕದ ಪ್ರತಿಗಳು ಕಟ್ಟುಕಟ್ಟಾಗಿ ಬಿದ್ದಿರುವುದನ್ನು ಕಾಣಬಹುದು. ೨೦೨೩ನೆಯ ಇಸವಿಯಲ್ಲಿ ಮಂಗಳೂರು ಮೊದಲಾದ ಕಡೆಗಳಲ್ಲಿ, ಆಸ್ತಿ ನೋಂದಣಿ ಮಾಡಿಸಿದ ಕೆಲವರ ಖಾತೆಗಳಿಂದ ಅವರಿಗೆ ತಿಳಿಯದಂತೆ ಆಧಾರ್ ಬೆರಳಚ್ಚಿನ ಮೂಲಕ ಹಣ ತೆಗೆಯಲಾಗಿದೆಯೆಂದು ಪೋಲೀಸರಿಗೆ ದೂರುಗಳು ಬಂದುವು. ಇತರರ ಗುರುತಿನ ಪತ್ರವನ್ನು ಇಟ್ಟುಕೊಂಡವನು ಅದನ್ನು ಅವರ ಹಣದಂತೆಯೇ ಕಾಪಾಡತಕ್ಕದ್ದು. ಅಗತ್ಯ ತೀರಿದ ಪ್ರತಿಗಳನ್ನು ಹರಿದು ಸುಟ್ಟುಬಿಡುವುದು ಲೇಸು. ರೈತರು ತಮ್ಮ ಬೆರಳಚ್ಚಿನ ಬಳಕೆಗೆ ಆಧಾರ್ ಇಲಾಖೆಯ ಆ್ಯಪಿನಲ್ಲಿಯೇ ಬೀಗ ಹಾಕಿಕೊಂಡು, ಬೇಕಾದಾಗ ಮಾತ್ರ ತೆಗೆಯಬಹುದಾಗಿದೆ.

ಮುಂದಾಗಿ ಕಾಣುವ ಲಕ್ಷಣಗಳು

ಬಗೆಗಳು ಬೇರೆಯಾದರೂ ಹೆಚ್ಚಿನವುಗಳಲ್ಲಿ ಮೂರು ಲಕ್ಷಣಗಳು ಸಮಾನವಾಗಿ ಕಂಡುಬರುತ್ತವೆ. ಮೊದಲನೆಯದು ಅವಸರ: ಈಗಲೇ, ಇನ್ನು ಅರ್ಧ ಗಂಟೆಯೊಳಗೆ, ಇಲ್ಲವಾದರೆ ಖಾತೆ ನಿಲ್ಲುವುದು ಎಂಬ ಮಾತು. ಎರಡನೆಯದು ಗುಟ್ಟು: ಬೇರೆ ಯಾರಿಗೂ ತಿಳಿಸಬೇಡಿ, ಫೋನನ್ನು ಕೆಳಗಿಡಬೇಡಿ ಎಂಬ ಒತ್ತಾಯ. ಮೂರನೆಯದು ರೂಢಿಯಲ್ಲಿದ್ದ ದಾರಿಯ ಬದಲಾವಣೆ: ಹೊಸ ಖಾತೆ, ಹೊಸ ಫೋನ್ ನಂಬರು, ಹೊಸ ಆ್ಯಪು. ಇವುಗಳಲ್ಲಿ ಯಾವುದೊಂದು ಕಂಡರೂ ಹಣ ಕೊಡುವ ಕೆಲಸವನ್ನು ನಿಲ್ಲಿಸಿ ವಿಚಾರಿಸತಕ್ಕದ್ದು. ನಿಜವಾದ ವ್ಯಾಪಾರಿಯು ವಿಚಾರಣೆಯಿಂದ ಬೇಸರಪಡುವುದಿಲ್ಲ.

ನಿವಾರಣೋಪಾಯಗಳು

(ಅ) ಎರಡನೆಯ ದಾರಿಯಿಂದ ವಿಚಾರಿಸುವುದು. ಖಾತೆ ಬದಲಾಯಿತೆಂಬ ಸುದ್ದಿ ಯಾವ ದಾರಿಯಲ್ಲಿ ಬಂದಿತೋ ಅದೇ ದಾರಿಯಲ್ಲಿ ಉತ್ತರ ಕೇಳಬಾರದು. ಪತ್ರದಲ್ಲಿ ಕೊಟ್ಟಿರುವ ನಂಬರನ್ನು ಬಿಟ್ಟು, ಮೊದಲಿನಿಂದ ಅಂಗಡಿಯ ಪುಸ್ತಕದಲ್ಲಿ ಬರೆದಿಟ್ಟಿರುವ ನಂಬರಿಗೆ ಫೋನು ಮಾಡಿ, ಗುರುತಿನ ಮನುಷ್ಯನ ಬಾಯಿಂದಲೇ ಕೇಳಿ ತಿಳಿಯಬೇಕು. ಮೊದಲು ಒಂದು ರೂಪಾಯಿ ಕಳುಹಿಸಿ, ಅದು ಮುಟ್ಟಿತೆಂದು ಅವನಿಂದ ಕೇಳಿದ ಮೇಲೆ ಉಳಿದುದನ್ನು ಕಳುಹಿಸುವುದು ಉತ್ತಮ. ಇದಕ್ಕೆ ಐದು ನಿಮಿಷದ ಹೊರತು ಬೇರೆ ಖರ್ಚಿಲ್ಲ.

(ಆ) ಇಬ್ಬರ ಒಪ್ಪಿಗೆ. ಸಹಕಾರ ಸಂಘಗಳಲ್ಲಿ ಚೆಕ್ಕಿಗೆ ಇಬ್ಬರು ರುಜು ಹಾಕುವ ಪದ್ಧತಿಯು ಹಿಂದಿನಿಂದಲೂ ಇದೆ. ಕಂಪ್ಯೂಟರಿನ ಪಾವತಿ ಬಂದ ಮೇಲೆ ಅನೇಕ ಕಡೆ ಇದು ತಪ್ಪಿಹೋಗಿದೆ. ಒಬ್ಬನು ಪಾವತಿಯನ್ನು ಬರೆದು ಇನ್ನೊಬ್ಬನು ಒಪ್ಪಿದ ಮೇಲೆಯೇ ಹಣ ಹೋಗುವ ಏರ್ಪಾಡನ್ನು ಬ್ಯಾಂಕಿನಲ್ಲಿ ಕೇಳಿ ಮಾಡಿಸಿಕೊಳ್ಳಬಹುದು. ಅಂಗಡಿಯ ಕ್ಯು.ಆರ್. ಚೀಟಿಗೆ ಪ್ರತ್ಯೇಕವಾದ ಖಾತೆಯಿಟ್ಟು, ಅದರಲ್ಲಿ ಸೇರಿದ ಹಣವನ್ನು ಪ್ರತಿದಿನ ಸಂಜೆ ಮುಖ್ಯ ಖಾತೆಗೆ ತೆಗೆದಿಟ್ಟರೆ, ಮೋಸವಾದರೂ ಒಂದು ದಿನದ ವ್ಯಾಪಾರಕ್ಕಿಂತ ಹೆಚ್ಚು ಹೋಗಲಾರದು.

(ಇ) ಪಾಸ್‌ವರ್ಡುಗಳು. ಮನೆಯ ಬೀಗಕ್ಕೂ ಅಂಗಡಿಯ ಬೀಗಕ್ಕೂ ಒಂದೇ ಕೀಲಿಕೈ ಇರಬಾರದು. ಈ-ಮೈಲಿಗೂ, ಬ್ಯಾಂಕಿಗೂ, ಲೆಕ್ಕದ ತಂತ್ರಾಂಶಕ್ಕೂ ಬೇರೆ ಬೇರೆ ಪಾಸ್‌ವರ್ಡುಗಳಿರಬೇಕು, ಅವು ಉದ್ದವಾಗಿರಬೇಕು, ಊರಿನ ಹೆಸರು, ಹುಟ್ಟಿದ ದಿನಗಳು ಆಗಿರಕೂಡದು. ಪಾಸ್‌ವರ್ಡಿನ ಜೊತೆಗೆ ಫೋನಿನಲ್ಲಿ ಎರಡನೆಯ ಒಪ್ಪಿಗೆ ಕೇಳುವ ಏರ್ಪಾಡನ್ನು ಈ-ಮೈಲಿಗೂ ವಾಟ್ಸ್‌ಆ್ಯಪಿಗೂ ತಪ್ಪದೆ ಮಾಡಿಕೊಳ್ಳತಕ್ಕದ್ದು. ಗುಮಾಸ್ತನು ಕೆಲಸ ಬಿಟ್ಟ ದಿನವೇ ಅವನಿಗೆ ತಿಳಿದಿದ್ದ ಪಾಸ್‌ವರ್ಡುಗಳನ್ನು ಬದಲಾಯಿಸಬೇಕು.

(ಈ) ತಿದ್ದುಪಡಿಗಳು. ಫೋನೂ ಕಂಪ್ಯೂಟರೂ ಆಗಾಗ್ಗೆ ಕೇಳುವ ತಿದ್ದುಪಡಿಗಳನ್ನು ಮುಂದಕ್ಕೆ ಹಾಕದೆ ಒಪ್ಪಿಕೊಳ್ಳಬೇಕು. ಸಣ್ಣ ಅಂಗಡಿಗಳಲ್ಲಿ ಬಹಳವಾಗಿ ಬಳಕೆಯಲ್ಲಿರುವ ವಿಂಡೋಸ್ ೧೦ ಎಂಬುದಕ್ಕೆ ತಯಾರಕರ ಸಾಮಾನ್ಯ ಬೆಂಬಲವು ೨೦೨೫ನೆಯ ಅಕ್ಟೋಬರ್ ೧೪ರಂದು ಮುಗಿಯಿತು. ವಿಂಡೋಸ್ ೭ಕ್ಕೆ ೨೦೨೦ರ ಜನವರಿಯಲ್ಲಿಯೇ ಮುಗಿದಿದೆ. ಇಂಥ ಹಳೆಯ ಕಂಪ್ಯೂಟರನ್ನು ಬದಲಾಯಿಸಲು ಶಕ್ತಿಯಿಲ್ಲದವರು ಅದರಲ್ಲಿ ಬ್ಯಾಂಕಿನ ವ್ಯವಹಾರವನ್ನಾದರೂ ಮಾಡದಿರುವುದು ಕ್ಷೇಮ.

(ಉ) ಲೆಕ್ಕದ ನಕಲು. ಬೀಜವನ್ನೆಲ್ಲ ಒಂದೇ ಮಡಕೆಯಲ್ಲಿಡದೆ ಸ್ವಲ್ಪವನ್ನು ಬೇರೆ ಕಡೆ ಇಡುವುದು ಹಿರಿಯರ ಪದ್ಧತಿ. ಲೆಕ್ಕಪತ್ರಗಳಿಗೂ ಹಾಗೆಯೇ ಮೂರು ಪ್ರತಿಗಳಿರಬೇಕು: ಕಂಪ್ಯೂಟರಿನಲ್ಲಿ ಒಂದು, ಬೇರೆ ಡಿಸ್ಕಿನಲ್ಲಿ ಒಂದು, ಊರಿನಲ್ಲಿಯೇ ಬೇರೆ ಕಟ್ಟಡದಲ್ಲಿಯೋ ಇಂಟರ್‌ನೆಟ್ಟಿನ ಸಂಗ್ರಹದಲ್ಲಿಯೋ ಒಂದು. ಡಿಸ್ಕನ್ನು ನಕಲು ತೆಗೆಯುವಾಗ ಮಾತ್ರ ಸೇರಿಸಿ, ಆಮೇಲೆ ಕಳಚಿ ಪೆಟ್ಟಿಗೆಯಲ್ಲಿಡತಕ್ಕದ್ದು. ಸೇರಿಸಿಯೇ ಬಿಟ್ಟಿದ್ದರೆ ಹಾವಳಿಯು ಅದಕ್ಕೂ ಹರಡುವುದು. ನಕಲಿನಿಂದ ಲೆಕ್ಕವನ್ನು ಮತ್ತೆ ತೆಗೆಯಲಾಗುವುದೇ ಎಂಬುದನ್ನು ಬಿತ್ತನೆಯ ಕಾಲಕ್ಕೆ ಮುಂಚೆ ಒಮ್ಮೆ ಪರೀಕ್ಷಿಸಬೇಕು. ಮೊಳಕೆಯ ಪರೀಕ್ಷೆ ಮಾಡದ ಬೀಜವನ್ನು ನಂಬಿ ಹೊಲಕ್ಕೆ ಹೋಗುವವರಿಲ್ಲ. ವಾರಕ್ಕೊಮ್ಮೆ ಸಾಲದ ಬಾಕಿಯ ಪಟ್ಟಿಯನ್ನೂ ದಾಸ್ತಾನಿನ ಪಟ್ಟಿಯನ್ನೂ ಕಾಗದದ ಮೇಲೆ ಅಚ್ಚು ಮಾಡಿಟ್ಟುಕೊಂಡರೆ, ಕಂಪ್ಯೂಟರು ಕೆಟ್ಟ ದಿನವೂ ಅಂಗಡಿಯು ನಡೆಯುವುದು.

ನಷ್ಟವಾದಾಗ ಮಾಡಬೇಕಾದುದು

ಹಣ ಹೋದುದು ತಿಳಿದ ಕೂಡಲೆ, ನಿಮಿಷವನ್ನೂ ತಡಮಾಡದೆ ೧೯೩೦ (ಒಂದು, ಒಂಬತ್ತು, ಮೂರು, ಸೊನ್ನೆ) ಎಂಬ ಸಹಾಯವಾಣಿಗೆ ಫೋನು ಮಾಡಬೇಕು. ವಂಚಕರು ಹಣವನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಸಾಗಿಸುತ್ತಾ ಕೊನೆಗೆ ನಗದಾಗಿ ತೆಗೆಯುತ್ತಾರೆ. ಸಹಾಯವಾಣಿಯವರು ದೂರನ್ನು ಸಂಬಂಧಪಟ್ಟ ಬ್ಯಾಂಕುಗಳಿಗೆ ಕೂಡಲೆ ತಿಳಿಸಿ, ಹಣವು ಇನ್ನೂ ಯಾವ ಖಾತೆಯಲ್ಲಿದೆಯೋ ಅಲ್ಲಿಯೇ ಅದನ್ನು ತಡೆಯಿಸುವರು. ಮೊದಲನೆಯ ಗಂಟೆಯಲ್ಲಿ ತಿಳಿಸಿದವರಿಗೆ ಹಣ ಉಳಿಯುವ ಸಂಭವ ಹೆಚ್ಚು. ನಗದಾಗಿ ತೆಗೆದ ಮೇಲೆ ಕಷ್ಟಸಾಧ್ಯ. ಬಳಿಕ ರಾಷ್ಟ್ರೀಯ ಸೈಬರ್ ಅಪರಾಧ ವರದಿ ಪೋರ್ಟಲಿನಲ್ಲಿ ದೂರನ್ನು ದಾಖಲು ಮಾಡಿ, ಜಿಲ್ಲೆಯ ಸಿ.ಇ.ಎನ್. ಪೋಲೀಸ್ ಠಾಣೆಗೂ ತಿಳಿಸಬೇಕು. ಬೇರೊಬ್ಬರ ಗುರುತನ್ನು ಕದ್ದು ಬಳಸುವುದೂ, ಕಂಪ್ಯೂಟರಿನ ಮೂಲಕ ಬೇರೊಬ್ಬನಂತೆ ನಟಿಸಿ ವಂಚಿಸುವುದೂ ೨೦೦೦ದ ಮಾಹಿತಿ ತಂತ್ರಜ್ಞಾನ ಶಾಸನದ ೬೬ಸಿ ಮತ್ತು ೬೬ಡಿ ಪ್ರಕರಣಗಳಂತೆ ೩ ವರ್ಷಗಳವರೆಗೆ ಸಜೆಗೂ ಒಂದು ಲಕ್ಷದವರೆಗೆ ಜುಲ್ಮಾನೆಗೂ ಅರ್ಹವಾದ ಅಪರಾಧಗಳು.

ಬ್ಯಾಂಕಿಗೆ ಬರೆವಣಿಗೆಯಲ್ಲಿ ತಿಳಿಸಿ ರಶೀತಿ ಪಡೆಯುವುದೂ ಅವಶ್ಯಕ. ರಿಸರ್ವ್ ಬ್ಯಾಂಕು ೨೦೧೭ನೆಯ ಜುಲೈ ೬ರಂದು ಹೊರಡಿಸಿದ ಸುತ್ತೋಲೆಯಲ್ಲಿ, ಬ್ಯಾಂಕಿನದಾಗಲಿ ಗಿರಾಕಿಯದಾಗಲಿ ತಪ್ಪಿಲ್ಲದೆ ಬೇರೆ ಕಡೆಯ ದೋಷದಿಂದ ಹಣ ಹೋಗಿದ್ದು, ಬ್ಯಾಂಕಿನ ಸೂಚನೆ ತಲಪಿದ ೩ ಕೆಲಸದ ದಿನಗಳೊಳಗೆ ತಿಳಿಸಿದರೆ ಗಿರಾಕಿಗೆ ನಷ್ಟವಿಲ್ಲವೆಂದೂ, ೪ರಿಂದ ೭ ದಿನಗಳಲ್ಲಿ ತಿಳಿಸಿದ ಸಣ್ಣ ಉದ್ಯಮಗಳ ಚಾಲ್ತಿ ಖಾತೆಗೆ ಹೊಣೆಯು ೧೦,೦೦೦ ರೂಪಾಯಿಗಳನ್ನು ಮೀರದೆಂದೂ ವಿಧಿಸಿತು. ಗಿರಾಕಿಯೇ ಪಿನ್ ಅಥವಾ ಒ.ಟಿ.ಪಿ. ಹೇಳಿಕೊಟ್ಟಿದ್ದಲ್ಲಿ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟವು ಅವನದೇ. ತಿಳಿಸಿದ ಮೇಲಿನ ನಷ್ಟವು ಬ್ಯಾಂಕಿನದು. ಸದ್ಯದಲ್ಲಿ ಜಾರಿಯಲ್ಲಿರುವ ನಿಯಮಗಳನ್ನು ತಮ್ಮ ಬ್ಯಾಂಕಿನಲ್ಲಿ ಮುಂಚೆಯೇ ವಿಚಾರಿಸಿಟ್ಟುಕೊಳ್ಳುವುದು ಒಳ್ಳೆಯದು. ಬೇಗ ತಿಳಿಸಿದಷ್ಟೂ ಲಾಭವೆಂಬುದು ಮಾತ್ರ ಎಲ್ಲಕ್ಕೂ ಸಮಾನ.

ಲೆಕ್ಕಗಳಿಗೆ ಬೀಗ ಬಿದ್ದಿದ್ದರೆ ಕಂಪ್ಯೂಟರಿನ ಇಂಟರ್‌ನೆಟ್ ತಂತಿಯನ್ನು ಕೂಡಲೆ ಕೀಳಬೇಕು. ಇತರ ಕಂಪ್ಯೂಟರುಗಳನ್ನು ಬೇರ್ಪಡಿಸಬೇಕು. ಕೇಳಿದ ಹಣ ಕೊಟ್ಟರೂ ಲೆಕ್ಕ ಮರಳುವುದೆಂಬ ಭರವಸೆಯಿಲ್ಲ. ಕೆಟ್ಟ ಕಡತಗಳನ್ನು ಅಳಿಸಿಹಾಕದೆ ಡಿಸ್ಕಿನಲ್ಲಿಟ್ಟುಕೊಂಡಿರಬೇಕು. ಯುರೋಪಿನ ಪೋಲೀಸರು ೨೦೧೬ರಲ್ಲಿ ಇತರರೊಡನೆ ಸೇರಿ ಆರಂಭಿಸಿದ ‘ನೋ ಮೋರ್ ರ‍್ಯಾನ್ಸಮ್’ ಎಂಬ ತಾಣದಲ್ಲಿ ಕೆಲವು ಹಾವಳಿಗಳಿಗೆ ಕೀಲಿಕೈಗಳು ಉಚಿತವಾಗಿ ದೊರೆಯುತ್ತವೆ. ಕಂಪನಿಯಾಗಿ ನೋಂದಾಯಿಸಲ್ಪಟ್ಟ ಉತ್ಪಾದಕರ ಸಂಘಗಳು ಇಂಥ ಆಕ್ರಮಣವನ್ನು ತಿಳಿದ ೬ ಗಂಟೆಗಳೊಳಗೆ ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆಗೆ ವರದಿ ಮಾಡತಕ್ಕದ್ದೆಂದು ೨೦೨೨ನೆಯ ಏಪ್ರಿಲ್ ೨೮ರ ನಿರ್ದೇಶವಿದೆ.

ಭಯದಿಂದಲೂ ನಾಚಿಕೆಯಿಂದಲೂ ಆಗುವ ನಷ್ಟ

ಮೇಲ್ಕಂಡ ಉಪಾಯಗಳೆಲ್ಲವೂ ಒಂದು ಸಂಗತಿಯಿಂದ ನಿಷ್ಫಲವಾಗುವುದುಂಟು. ತಪ್ಪು ಗುಂಡಿಯನ್ನೊತ್ತಿದ ಗುಮಾಸ್ತನು ಕೆಲಸ ಹೋದೀತೆಂಬ ಭಯದಿಂದಲೂ, ಮೋಸಹೋದ ಯಜಮಾನನು ಪೇಟೆಯಲ್ಲಿ ನಗೆಪಾಟಲಾದೇನೆಂಬ ನಾಚಿಕೆಯಿಂದಲೂ ಎರಡು ಮೂರು ದಿನ ಯಾರಿಗೂ ಹೇಳದೆ ಸುಮ್ಮನಿದ್ದುಬಿಡುವರು. ಹಣ ತಡೆಯಬಹುದಾಗಿದ್ದ ಕಾಲವು ಅಷ್ಟರಲ್ಲಿ ಕಳೆದುಹೋಗುವುದು. ಆದುದರಿಂದ ಪ್ರತಿಯೊಬ್ಬ ಯಜಮಾನನೂ ಸಂಘದ ಆಡಳಿತ ಮಂಡಲಿಯೂ ತಮ್ಮ ಕೆಲಸಗಾರರಿಗೆ, ಮೋಸಹೋದುದಕ್ಕೆ ಶಿಕ್ಷೆಯಿಲ್ಲ, ಕೂಡಲೆ ತಿಳಿಸದಿದ್ದರೆ ಮಾತ್ರ ತಪ್ಪು ಎಂಬುದನ್ನು ಮುಂದಾಗಿಯೇ ಸ್ಪಷ್ಟವಾಗಿ ಹೇಳಿಟ್ಟಿರಬೇಕು. ಬೆಳೆಗೆ ಹುಳು ಬಿದ್ದುದನ್ನು ಮುಚ್ಚಿಟ್ಟ ರೈತನಿಗೆ ಬೆಳೆಯೂ ಉಳಿಯುವುದಿಲ್ಲ, ನೆರೆಯವರ ಹೊಲವೂ ಕೆಡುವುದು.

೧೯೩೦ ಎಂಬ ಸಂಖ್ಯೆಯನ್ನೂ, ಬ್ಯಾಂಕಿನ ದೂರವಾಣಿಯನ್ನೂ, ಸಿ.ಇ.ಎನ್. ಠಾಣೆಯ ನಂಬರನ್ನೂ ದಪ್ಪ ಅಕ್ಷರಗಳಲ್ಲಿ ಬರೆದು ಗಲ್ಲಾಪೆಟ್ಟಿಗೆಯ ಬಳಿ ಗೋಡೆಗೆ ಅಂಟಿಸಿರತಕ್ಕದ್ದು. ಮುಂಗಾರಿನ ಬಿತ್ತನೆಗೂ ಸುಗ್ಗಿಯ ಕುಯ್ಲಿಗೂ ಹದಿನೈದು ದಿನ ಮುಂಚೆ ಒಂದು ಸಂಜೆಯನ್ನು ಇದಕ್ಕೆಂದು ಮೀಸಲಾಗಿಟ್ಟು, ಪಾಸ್‌ವರ್ಡುಗಳನ್ನೂ, ತಿದ್ದುಪಡಿಗಳನ್ನೂ, ಲೆಕ್ಕದ ನಕಲುಗಳನ್ನೂ ಪರೀಕ್ಷಿಸಿಕೊಂಡು, ಸರಕು ಕಳುಹಿಸುವವರ ಖಾತೆಯ ನಂಬರುಗಳನ್ನು ಪುಸ್ತಕದೊಡನೆ ತಾಳೆ ನೋಡಿದಲ್ಲಿ, ಈ ಹಾವಳಿಯಿಂದಾಗುವ ನಷ್ಟವನ್ನು ವರ್ತಕರೂ ಅವರನ್ನು ನಂಬಿದ ರೈತರೂ ಬಹುಮಟ್ಟಿಗೆ ತಪ್ಪಿಸಿಕೊಳ್ಳಬಹುದಾಗಿದೆ.